ತಪ್ಪಿಲ್ಲದ ಏಳು ಕಾಗದಗಳು

“ಕಳ್ಳ ತಗೊಂಡು ಹೋಗಿದ್ದು ಕಾಗದ ಮೇಡಂ. ನೀವು ನೋಡಿದ್ರೆ ಲಕೋಟೆ ಕೇಳ್ತಿದೀರಿ,” ಎಂದರು ಗಡಿಯಾರ ರಿಪೇರಿಯವರು.

“ಕಾಗದ ಇಲ್ವಲ್ಲ, ಅದಕ್ಕೇ,” ಎಂದಳು ಭೂತಗನ್ನಡಿ.

ಮೂವತ್ತೊಂದು ವರ್ಷ ಕೈಬರಹ ಪರೀಕ್ಷಕಿಯಾಗಿ ದುಡಿದು ನಿವೃತ್ತಳಾದ ಅವಳಿಗೆ ಆ ಅಡ್ಡಹೆಸರು ಇಟ್ಟವರು ಕೋರ್ಟಿನ ಗುಮಾಸ್ತರು. ಎದುರಿಗೆ ಮೇಡಂ, ಬೆನ್ನ ಹಿಂದೆ ಭೂತಗನ್ನಡಿ. ಅವಳಿಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ.

ತತ್ವಶಾಸ್ತ್ರದ ಮೇಷ್ಟ್ರು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವರು ಗೆಳೆಯರಾದ ಈ ಗಡಿಯಾರದವರಿಗೆ ಬರೆದ ನೂರಾ ಹನ್ನೆರಡು ಕಾಗದಗಳಲ್ಲಿ ಕೊನೆಯ ಏಳು ಮಾತ್ರ ಅಂಗಡಿಯ ಡ್ರಾಯರಿನಿಂದ ಮಾಯವಾಗಿ ಇಂದಿಗೆ ಎಂಟು ದಿನ.

ಗಡಿಯಾರದವರು ಬೆಂಚಿನ ಕೆಳಗಿನಿಂದ ತಗಡಿನ ಡಬ್ಬಿಯೊಂದನ್ನು ಎಳೆದರು. ಅದರ ತುಂಬ ಹಳೇ ಲಕೋಟೆಗಳು. ಒಂದೊಂದರ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಬರೆದಿತ್ತು: ಲೇಡೀಸ್ ವಾಚ್ ಸ್ಕ್ರೂ, ಅಲಾರಂ ಸ್ಪ್ರಿಂಗು, ಹಳೇ ಕೀಲಿ.

“ಕಾಗದ ಓದಿ ಡ್ರಾಯರಿಗೆ ಹಾಕ್ತೀನಿ. ಲಕೋಟೆಗೆ ಸಣ್ಣ ಸಾಮಾನು ತುಂಬ್ತೀನಿ. ನನ್ನಂಥ ಜಿಪುಣ ಇನ್ನೊಬ್ಬ ಇಲ್ಲ ಅಂತ ಅವನು ನಗ್ತಿದ್ದ.”

“ಕೊನೆಯ ಏಳರ ಲಕೋಟೆ?”

“ಇಲ್ಲೇ ಇವೆ. ಕಳ್ಳನಿಗೆ ಸ್ಕ್ರೂ ಬೇಕಿರಲಿಲ್ಲ ಅಂತ ಕಾಣುತ್ತೆ.”

ಭೂತಗನ್ನಡಿ ಮೊದಲು ಡ್ರಾಯರಿನಲ್ಲಿ ಉಳಿದಿದ್ದ ಹಳೇ ಕಾಗದಗಳನ್ನು ತೆಗೆದಳು. ಮೇಷ್ಟ್ರ ಪುಸ್ತಕಗಳನ್ನು ಅವಳು ಓದಲು ನೋಡಿದ್ದಳು. ಹತ್ತು ಪುಟ ದಾಟುವಷ್ಟರಲ್ಲಿ ತಲೆ ಗಿರ್ರೆನ್ನುತ್ತಿತ್ತು. ಕಾಗದಗಳು ಹಾಗಿರಲಿಲ್ಲ.

‘ಲೇ ಮುಳ್ಳುಗಳ ಗುಲಾಮ, ಕಾಲ ಎಂದರೇನು ಎಂದು ನಾನು ನಾನೂರು ಪುಟ ಕೊರೆದೆ. ನೀನು ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಓಡಿಸುತ್ತೀಯ. ನಮ್ಮಿಬ್ಬರಲ್ಲಿ ಕೆಲಸಕ್ಕೆ ಬರುವವನು ಯಾರು, ನೀನೇ ಹೇಳು. ಮೊನ್ನೆಯ ಕೆಮ್ಮು ಹೋಯಿತೇ? ಹೋಗದಿದ್ದರೆ ನಾನೇ ಬಂದು ಒದೆಯುತ್ತೇನೆ.’

ಅವಳು ನಕ್ಕಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಅಕ್ಷರಗಳ ಮೇಲೆ ಬಗ್ಗಿದಳು.

ಮೇಷ್ಟ್ರದು ಒಂದು ವಿಚಿತ್ರ ಅಭ್ಯಾಸ. ಸಾಲಿಡೀ ಅಕ್ಷರಗಳ ಮೈ ಬರೆದು ಮುಗಿಸಿ, ಆಮೇಲೆ ಹಿಂದಕ್ಕೆ ಬಂದು ಒಟ್ಟಿಗೆ ತಲೆಕಟ್ಟು ಹಾಕುತ್ತಿದ್ದರು. ಯೋಚನೆ ಮುಂದೆ ಓಡಿದಾಗ ನಾಲ್ಕೈದು ಅಕ್ಷರ ಬೋಳುತಲೆಯಲ್ಲೇ ಉಳಿಯುತ್ತಿದ್ದವು. ಲಕೋಟೆಯ ಮೇಲೂ ಅಷ್ಟೇ: ‘ಗಡಿಯಾರದ ಅಂಗಡಿ’ಯ ರಕಾರ ತಲೆಕಟ್ಟಿಲ್ಲದೆ ಬರೀ ಸೊನ್ನೆಯಾಗಿ ಕೂತಿತ್ತು.

“ಪೋಸ್ಟ್‌ಮ್ಯಾನು ಗಡಿಯಾಂದ ಅಂಗಡಿ ಯಾವುದು ಸ್ವಾಮಿ ಅಂತ ಗೇಲಿ ಮಾಡ್ತಿದ್ದ,” ಎಂದರು ಗಡಿಯಾರದವರು.

ಅವಳು ಕೊನೆಯ ಏಳು ಲಕೋಟೆಗಳನ್ನು ಸಾಲಾಗಿ ಇಟ್ಟಳು. ಅದೇ ವಾಲು, ಅದೇ ಉದ್ದನೆಯ ದೀರ್ಘ. ಆದರೆ ಏಳರಲ್ಲೂ ಒಂದೇ ಒಂದು ತಲೆಕಟ್ಟು ತಪ್ಪಿರಲಿಲ್ಲ.

ಅವಳ ಕೈ ನಿಂತಿತು.

“ಏನಾದ್ರೂ ಸಿಕ್ತಾ ಮೇಡಂ?”

“ನೋಡ್ತಿದೀನಿ. ಕಳುವಾದ ಆ ಸೋಮವಾರ ಅಂಗಡಿಗೆ ಯಾರ‍್ಯಾರು ಬಂದಿದ್ರು?”

“ಇಬ್ಬರು. ಬೆಳಗ್ಗೆ ಅವನ ಶಿಷ್ಯ, ಕಾಗದಗಳನ್ನ ಪುಸ್ತಕ ಮಾಡ್ತಿರೋನು. ಕೊನೆಯ ಕಾಗದಗಳ ಫೋಟೋ ಹಾಕ್ತೀನಿ, ಕೊಡಿ ಅಂತ ದುಂಬಾಲು ಬಿದ್ದ. ನಾಳೆ ನೋಡೋಣ ಅಂದೆ. ಮಧ್ಯಾಹ್ನ ನನ್ನ ಗೆಳೆಯನ ತಂಗಿ, ಟೀಚರಮ್ಮ. ಪಾಪ, ರೈಲಲ್ಲಿ ಎರಡು ಗಂಟೆ ಕೂತು ನನ್ನ ನೋಡೋಕೆ ಬಂದಿದ್ಲು. ಕಾಫಿ ತರೋಕೆ ನಾನೇ ಹೋದೆ. ನನ್ನ ಕೇಳಿದ್ರೆ ಆ ಶಿಷ್ಯನದೇ ಕೆಲಸ.”

“ಆ ಏಳು ಕಾಗದ ಅಂದ್ರೆ ನಿಮಗೆ ಅಷ್ಟು ಜೀವ ಯಾಕೆ?”

ಅವರು ಕೈಲಿದ್ದ ಚಿಮಟವನ್ನು ಬಟ್ಟೆಯಲ್ಲಿ ಒರೆಸಿದರು, ಮತ್ತೆ ಒರೆಸಿದರು.

“ನನ್ನ ಮಗಳು ಅವನ ಹತ್ರ ಓದ್ತಿದ್ಲು. ಓದಿದ್ದು ಸಾಕು, ಮದುವೆ ಮಾಡ್ತೀನಿ ಅಂದೆ. ಎದುರು ಮಾತಾಡಿದ್ಲು. ಕೋಪ ತಡೀಲಿಲ್ಲ, ಪುಸ್ತಕಗಳನ್ನೆಲ್ಲ ಬೀದಿಗೆ ಎಸೆದೆ. ಮಾರನೇ ದಿನ ಪರೀಕ್ಷೆಗೆ ಅಂತ ಹೋದವಳು ವಾಪಸ್ ಬರಲಿಲ್ಲ. ಹನ್ನೊಂದು ವರ್ಷ ಆಯ್ತು.”

“ಮೇಷ್ಟ್ರಿಗೆ ಗೊತ್ತಿತ್ತಾ?”

“ನಾನೂ ಅದೇ ಕೇಳಿದ್ದು. ಗೊತ್ತಿಲ್ಲ ಅಂದ. ನೀನೇ ಅವಳ ತಲೆ ಕೆಡಿಸಿದ್ದು ಅಂತ ಬಾಯಿಗೆ ಬಂದಂಗೆ ಬೈದು ಬಂದೆ. ಒಂಬತ್ತು ವರ್ಷ ಮಾತಿಲ್ಲ, ಕಾಗದ ಇಲ್ಲ. ಆಮೇಲೆ ನನ್ನ ಹೆಂಡತಿ ಹೋದ್ಲು. ಮನೇಲಿ ಒಬ್ಬನೇ. ಯಾರಿಗೆ ಬರೀಲಿ? ಅವನಿಗೇ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು. ‘ಅವಳನ್ನು ನಾನು ತಡೆಯಬೇಕಿತ್ತು, ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ’ ಅಂತ.” ಅವರು ಚಿಮಟ ಕೆಳಗಿಟ್ಟರು. “ಅಷ್ಟು ದೊಡ್ಡ ಮನುಷ್ಯ ಮೇಡಂ. ನನ್ನಂಥವನ ಹತ್ರ ಕ್ಷಮೆ ಕೇಳಿದ. ಆ ಸಾಲು ಇಲ್ಲದಿದ್ರೆ ನಾನು ಈ ಎರಡು ವರ್ಷ ಬದುಕ್ತಿರಲಿಲ್ಲ.”

‘ಇದು ಅವರ ಕೈಯಲ್ಲ.’ ಕೋರ್ಟಿನಲ್ಲಿ ಸಾವಿರ ಸಲ ಹೇಳಿದ ಮಾತು. ಇಂದು ಅವಳ ನಾಲಿಗೆ ಏಳಲಿಲ್ಲ.

“ಈ ಲಕೋಟೆಗಳನ್ನ ಒಂದೆರಡು ದಿನ ಇಟ್ಕೊಳ್ಳಲಾ?” ಎಂದು ಮಾತ್ರ ಕೇಳಿದಳು.

“ಸ್ಕ್ರೂ ತೆಗೆದು ಕೊಡ್ತೀನಿ ಇರಿ,” ಎಂದರು ಅವರು.

*

ಟೀಚರ್ ಬಾಗಿಲು ತೆಗೆದಾಗ ಮಧ್ಯಾಹ್ನ ಮೂರು ಗಂಟೆ. ಅರವತ್ತೈದು ದಾಟಿದ ಹೆಂಗಸು, ನೆಟ್ಟಗಿನ ಬೆನ್ನು, ಬೆರಳ ತುದಿಯಲ್ಲಿ ಶಾಯಿಯ ಕಲೆ. ಶಾಲೆ ಬಿಟ್ಟು ಹತ್ತು ವರ್ಷವಾದರೂ ‘ಒಳಗೆ ಬನ್ನಿ, ಅಲ್ಲಿ ಕೂತ್ಕೊಳ್ಳಿ’ ಎಂದು ಬೆಂಚು ತೋರಿಸುವ ದನಿ ಹೋಗಿರಲಿಲ್ಲ.

ಮೇಜಿನ ತುಂಬ ಕರಡಚ್ಚಿನ ಹಾಳೆಗಳು. ಗೆಳೆಯರಿಗೆ ಮೇಷ್ಟ್ರು ಬರೆದ ಕಾಗದ, ಅವರು ಮೇಷ್ಟ್ರಿಗೆ ಬರೆದ ಕಾಗದ. ಶಿಷ್ಯ ತಿದ್ದಲು ಕಳಿಸಿದ್ದು.

“ನೀವೇ ತಿದ್ದೋದಾ?” ಭೂತಗನ್ನಡಿ ಕೇಳಿದಳು.

“ಇನ್ಯಾರಿಗೆ ಅಣ್ಣನ ಅಕ್ಷರ ತಿಳಿಯುತ್ತೆ? ನಾನು ಬೇರೆ ಊರಲ್ಲಿ ಕೆಲಸದಲ್ಲಿದ್ದಾಗಲೂ ತಿಂಗಳಿಗೊಂದು ಕಟ್ಟು ಅಂಚೆಯಲ್ಲಿ ಬರ್ತಿತ್ತು. ನಾನು ಶುದ್ಧಪ್ರತಿ ಮಾಡಿ ಕಳಿಸ್ತಿದ್ದೆ. ಮೂವತ್ತು ವರ್ಷ. ನಾನು ಸತ್ತರೆ ನಿನ್ನ ಪುಸ್ತಕ ಯಾರಿಗೂ ಅರ್ಥ ಆಗಲ್ಲ ಅಂತ ಹೆದರಿಸ್ತಿದ್ದೆ. ಈಗಲೂ ಅರ್ಥ ಆಗಲ್ಲ ಅಂತಿದ್ದ.”

ಇಬ್ಬರೂ ನಕ್ಕರು. ಭೂತಗನ್ನಡಿ ಚೀಲದಿಂದ ಹಳೆಯ ಲಕೋಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು.

“ಇದೊಂದು ವಿಳಾಸ ನೋಡಿ ಟೀಚರ್. ನನಗೆ ಓದೋಕೇ ಆಗ್ತಿಲ್ಲ.”

ಟೀಚರ್ ಲಕೋಟೆಯನ್ನು ಹತ್ತಿರ ಎಳೆದುಕೊಂಡರು. “ಅಯ್ಯೋ, ಇವನ ತಲೆ. ಯಾವಾಗಲೂ ಇದೇ ಕಥೆ,” ಎನ್ನುತ್ತ, ಕರಡು ತಿದ್ದುವ ಪೆನ್ಸಿಲನ್ನು ಎತ್ತಿ, ಸೊನ್ನೆಯಂತಿದ್ದ ರಕಾರಕ್ಕೆ ಒಂದು ತಲೆಕಟ್ಟು ಎಳೆದರು. ಪಕ್ಕದ ದಕಾರಕ್ಕೂ ಎಳೆದರು.

ಆಮೇಲೆ ಪೆನ್ಸಿಲು ಗಾಳಿಯಲ್ಲೇ ನಿಂತಿತು.

ಭೂತಗನ್ನಡಿ ಕೊನೆಯ ಏಳು ಲಕೋಟೆಗಳನ್ನು ಒಂದೊಂದಾಗಿ ಹರಡಿದಳು.

“ಅವರು ಮರೀತಿದ್ರು. ನಿಮಗೆ ಮರೆಯೋಕೆ ಬರಲ್ಲ ಟೀಚರ್.”

ಟೀಚರ್ ಎದ್ದು ಒಳಕೋಣೆಗೆ ಹೋದರು. ಅಲ್ಲಿ ಹಾಸಿಗೆ ತೆಗೆದ ಬರೀ ಮಂಚ, ಗೋಡೆಗೆ ಒರಗಿಸಿದ ಗಾಲಿಕುರ್ಚಿ. ದಿಂಬಿನ ಹಳೇ ಚೀಲವೊಂದರಿಂದ ಮಡಿಸಿದ ಕಾಗದಗಳನ್ನು ತಂದು ಮೇಜಿನ ಮೇಲಿಟ್ಟರು. ಏಳು.

“ನಾನೇ ಕದ್ದೆ. ನಾನೇ ಬರೆದೆ. ಪೊಲೀಸರಿಗೆ ಹೇಳ್ತೀರಾ?”

“ಮೊದಲು ನನಗೆ ಹೇಳಿ.”

“ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ಯಾರಿಗೂ ಹೇಳಬೇಡಿ ಅಂತ ಡಾಕ್ಟರಿಗೆ ಕೈ ಮುಗಿದಿದ್ದೆ. ಹೃದಯದ ಕಾಯಿಲೆ ಅಂತ ಎಲ್ಲರಿಗೂ ಹೇಳ್ದೆ. ಜೀವಮಾನ ಪೂರ್ತಿ ಮಾತಾಡಿಕೊಂಡೇ ಬದುಕಿದ ಅಣ್ಣ ಜೊಲ್ಲು ಸುರಿಸ್ಕೊಂಡು ಕೂತಿರೋದನ್ನ ಜನ ನೋಡೋದು ಬೇಡ ಅನ್ನಿಸ್ತು. ಒಂದು ತಿಂಗಳಿಗೆ ಗಡಿಯಾರದವರ ಕಾಗದ ಬಂತು. ಒಂಬತ್ತು ವರ್ಷ ಆದ್ಮೇಲೆ. ಓದಿ ಹೇಳ್ದೆ. ಅಣ್ಣ ಮಗುವಿನ ಹಾಗೆ ಅತ್ತ. ಉತ್ತರ ಬರೀಬೇಕಲ್ಲ, ಯಾರು ಬರೀತಾರೆ?”

“ಅವರನ್ನ ಕೇಳಿದ್ರಾ?”

“ಬರೆದದ್ದನ್ನ ಓದಿ ಹೇಳ್ದೆ. ‘ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ’ ಅನ್ನೋ ಸಾಲಿಗೆ ಬಂದಾಗ ಅಣ್ಣ ಕಣ್ಣು ಮುಚ್ಚಿದ.” ಟೀಚರ್ ದನಿ ಇಳಿಯಿತು. “ನಾನು ಒಪ್ಪಿಗೆ ಅಂದ್ಕೊಂಡೆ.”

“ಗಡಿಯಾರದವರು ಬಂದು ನೋಡ್ತೀನಿ ಅನ್ನಲಿಲ್ವಾ?”

“ಪ್ರತಿ ಕಾಗದದಲ್ಲೂ ಅಂದ್ರು. ‘ಡಾಕ್ಟರು ಬೇಡ ಅಂದಿದ್ದಾರೆ, ಕಾಗದದಲ್ಲೇ ಮಾತಾಡೋಣ’ ಅಂತ ಪ್ರತಿ ಸಲ ನಾನೇ ಬರೆದೆ. ಅವರು ಬಂದಿದ್ದು ಹೆಣ ನೋಡೋಕೆ.” ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಒಂದೇ ಒಂದು ಸಲ ಬನ್ನಿ ಅನ್ನಬಹುದಿತ್ತು. ಇಬ್ಬರೂ ಕೈ ಹಿಡ್ಕೊಂಡು ಸುಮ್ಮನೆ ಕೂತಿರೋರು. ಅಷ್ಟೇ ಸಾಕಾಗಿತ್ತು, ಕಾಗದ ಯಾಕೆ ಬೇಕಿತ್ತು. ಇದು ನನಗೆ ಹೊಳೆದದ್ದು ಎಲ್ಲಾ ಮುಗಿದ ಮೇಲೆ.”

ಭೂತಗನ್ನಡಿ ಕಿಟಕಿಯ ಕಡೆ ನೋಡಿದಳು.

“ಇವತ್ತು ಬಾಯಿ ಬಿಟ್ಟಿದ್ದೀನಿ, ಇದನ್ನೂ ನೋಡಿಬಿಡಿ,” ಎಂದು ಟೀಚರ್ ಕರಡಚ್ಚಿನ ಕೆಳಗಿನಿಂದ ಒಂದು ಹಳದಿ ಹಾಳೆ ಎಳೆದರು. “ಮೂರನೇ ಕಾಗದ ಹೋದ ಮೇಲೆ ಅಣ್ಣ ಎಡಗೈಯಲ್ಲಿ ಬರೆದದ್ದು. ನಾಲ್ಕು ದಿನ ಒದ್ದಾಡಿದ. ಒಂದರ ಮೇಲೊಂದು ಗೀಚಿ ಹಾಕಿದಾನೆ. ನನಗೆ ಓದೋಕೆ ಆದದ್ದು ‘ಬೇಡ’ ಅನ್ನೋದೊಂದೇ. ನನ್ನ ಕಾಗದಗಳು ಬೇಡ ಅಂತಾನೆ ಅಂದ್ಕೊಂಡು ಹಾಳೆ ಬಚ್ಚಿಟ್ಟೆ. ಮತ್ತೆ ಪೆನ್ಸಿಲೇ ಕೊಡಲಿಲ್ಲ. ಅಷ್ಟು ಕೆಟ್ಟವಳು ನಾನು.”

ಭೂತಗನ್ನಡಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಾಳೆ ಸರಿಸಲಾಗದ ಮನುಷ್ಯ ಒಂದೇ ಜಾಗದಲ್ಲಿ ನಾಲ್ಕು ದಿನ ಬರೆದಿದ್ದರು. ದಿನದಿಂದ ದಿನಕ್ಕೆ ಪೆನ್ಸಿಲಿನ ಮೊನೆ ಮೊಂಡಾಗುತ್ತ ಹೋಗಿತ್ತು. ತೆಳುವಾದ ಗೆರೆ ಮೊದಲ ದಿನದ್ದು, ದಪ್ಪನೆಯದು ಕೊನೆಯ ದಿನದ್ದು. ಅವಳು ಮಸೂರ ಇಟ್ಟು, ತನ್ನ ಪುಸ್ತಕದಲ್ಲಿ ಪದ ಪದವಾಗಿ ಬಿಡಿಸಿ ಬರೆಯುತ್ತ ಹೋದಳು. ಅರ್ಧ ಗಂಟೆ ಹಿಡಿಯಿತು. ಟೀಚರ್ ಕಾಫಿ ಮಾಡಿ ತಂದದ್ದು ಆರಿಹೋಯಿತು.

ಕೊನೆಗೆ ಪುಸ್ತಕವನ್ನು ಅವರ ಕಡೆ ತಿರುಗಿಸಿದಳು.

‘ಸುಳ್ಳು ಬೇಡ. ಮಗಳಿದ್ದಾಳೆ. ಅವನಿಗೆ ಹೇಳು.’

ಟೀಚರ್ ಎರಡು ಸಲ ಓದಿದರು. “ಯಾರ ಮಗಳು? ಅಣ್ಣನಿಗೆ ಮದುವೇನೇ ಆಗಿಲ್ಲ.”

“ಗಡಿಯಾರದವರ ಮಗಳು. ಎಲ್ಲಿದ್ದಾಳೆ ಅಂತ ಮೇಷ್ಟ್ರಿಗೆ ಗೊತ್ತಿತ್ತು. ಹೇಳಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ರು ಅನ್ನಿಸುತ್ತೆ. ಆ ಮಾತಿಗಾಗಿ ಗೆಳೆಯನನ್ನೇ ಕಳಕೊಂಡ್ರು. ಕೊನೆಗೆ ಹೇಳೋಣ ಅಂದಾಗ ಮೇಷ್ಟ್ರಿಗೆ ಬಾಯಿ ಇರಲಿಲ್ಲ.”

“ನಾನು ಆ ಹುಡುಗಿನ ನೋಡೇ ಇಲ್ಲ,” ಎಂದರು ಟೀಚರ್. “ನಾನು ಈ ಮನೆಗೆ ಬರೋ ಹೊತ್ತಿಗೆ ಅವಳು ಹೋಗಿ ಒಂದು ವರ್ಷ ಆಗಿತ್ತು.”

ಭೂತಗನ್ನಡಿ ಕರಡಚ್ಚಿನ ಹಾಳೆಗಳನ್ನು ಹತ್ತಿರ ಎಳೆದುಕೊಂಡಳು. “ಹನ್ನೊಂದು ವರ್ಷದಿಂದ ಮೇಷ್ಟ್ರಿಗೆ ಬರೀತಿದ್ದ ಹೆಣ್ಣುಮಕ್ಕಳು ಯಾರಾದ್ರೂ ಇದ್ದಾರಾ?”

ಟೀಚರ್ ಒಂದು ಹಾಳೆ ತೆಗೆದು ಬೆರಳಿಟ್ಟರು. ಕೆಳಗೆ ರುಜುವಿನ ಜಾಗದಲ್ಲಿ ‘ನಿಮ್ಮ ಕಿರಿಯ ಗೆಳತಿ’ ಎಂದಷ್ಟೇ ಇತ್ತು; ವಿಳಾಸ ಬರೀ ಒಂದು ಪೋಸ್ಟ್ ಬಾಕ್ಸ್ ನಂಬರು.

ಚಂದದ ಕಾಗದ. ದೂರದ ಊರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ನಿಮ್ಮ ಪುಸ್ತಕದಲ್ಲೂ ಉತ್ತರವಿಲ್ಲ ಎಂದು ಮೇಷ್ಟ್ರನ್ನು ಕಿಚಾಯಿಸುತ್ತಾಳೆ. ಕೊನೆಯ ಸಾಲು: ‘ನಿಮ್ಮ ಗೆಳೆಯರು ಹೇಗಿದ್ದಾರೆ? ಮುಳ್ಳು ಹಿಡಿಯುವ ಕೈ ಈಗಲೂ ನಡುಗುವುದಿಲ್ಲ ತಾನೇ?’

ಭೂತಗನ್ನಡಿ ಇನ್ನೊಂದು ಹಾಳೆ ನೋಡಿದಳು, ಮತ್ತೊಂದು. ಎಲ್ಲದರ ಕೊನೆಗೂ ಅದೇ ಪ್ರಶ್ನೆ.

“ಈ ಗೆಳೆಯರು ಯಾರು ಅಂದ್ಕೊಂಡ್ರಿ ಟೀಚರ್?”

“ಯಾರೋ ಗುಲಾಬಿ ಬೆಳೆಸೋರು ಅಂತ.”

“ಗುಲಾಬಿ ಮುಳ್ಳಲ್ಲ. ಗಡಿಯಾರದ ಮುಳ್ಳು. ಅವರಪ್ಪನ ಕೈ.”

ಭೂತಗನ್ನಡಿಗೆ ಏನೋ ಹೊಳೆಯಿತು.

“ಅವಳಿಗೂ ನೀವೇ ಉತ್ತರ ಬರೀತಿದ್ರಾ?”

“ಹ್ಞೂಂ.”

“ಮೇಷ್ಟ್ರು ಹೋಗೋವರೆಗೆ?”

ಟೀಚರ್ ತಲೆ ಅಲ್ಲಾಡಿಸಿದರು. “ಹೋದ ಮೇಲೂ. ಅವಳ ಕಾಗದ ಬರ್ತಾನೇ ಇತ್ತು. ಅಣ್ಣ ಇಲ್ಲ ಅಂತ ಬರೆಯೋಕೆ ಕೂತ್ಕೊಳ್ತಿದ್ದೆ. ಪೆನ್ನು ಹಿಡಿದ್ರೆ ಅಣ್ಣನ ಅಕ್ಷರವೇ ಬರ್ತಿತ್ತು. ಬರೆಯೋ ಆ ಒಂದು ಗಂಟೆ ಅಣ್ಣ ಪಕ್ಕದ ಕೋಣೆಯಲ್ಲೇ ಇದ್ದಂಗೆ. ಈ ತಿಂಗಳು ನಿಲ್ಲಿಸ್ತೀನಿ, ಮುಂದಿನ ತಿಂಗಳು ನಿಲ್ಲಿಸ್ತೀನಿ ಅಂತ ಹದಿನಾಲ್ಕು ತಿಂಗಳು ಆಯ್ತು.”

“ಗೆಳೆಯರು ಹೇಗಿದ್ದಾರೆ ಅಂತ ಕೇಳಿದ್ದಕ್ಕೆ ಏನು ಬರೆದ್ರಿ?”

“ಚೆನ್ನಾಗಿದ್ದಾರೆ ಅಂತ. ಕೊನೆಯ ಸಲ ಇನ್ನೂ ಒಂದು ಮಾತು ಸೇರಿಸಿದೆ. ಈ ಸಲ ಗಿಡಗಳೆಲ್ಲ ಮೈತುಂಬಾ ಹೂ ಬಿಟ್ಟಿವೆ ಅಂತ.” ಹೇಳುತ್ತಲೇ ಅವರು ಬಾಯಿಗೆ ಕೈ ಅಡ್ಡ ಹಿಡಿದರು. “ಅಯ್ಯೋ ದೇವರೇ.”

“ಅದಕ್ಕೆ ಅವಳು ಏನು ಬರೆದ್ಲು?”

“ಬರೀಲಿಲ್ಲ. ಬಂದ್ಲು.”

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಬೆಲ್ಲು ಬಾರಿಸಿಕೊಂಡು ಹೋದರು.

“ಯಾವಾಗ?”

“ಹನ್ನೆರಡು ದಿನ ಆಯ್ತು. ಗೇಟಿನ ಹತ್ರ ನಿಂತು ಮೇಷ್ಟ್ರು ಇದ್ದಾರಾ ಅಂತ ಕೇಳಿದ್ಲು. ಯಾರೋ ಹಳೇ ವಿದ್ಯಾರ್ಥಿನಿ ಅಂದ್ಕೊಂಡು, ತೀರಿಕೊಂಡು ವರ್ಷದ ಮೇಲಾಯ್ತಲ್ಲಮ್ಮ ಅಂದೆ. ಅವಳು ಗೇಟು ಹಿಡ್ಕೊಂಡು ನಿಂತೇಬಿಟ್ಲು. ಆಮೇಲೆ ಒಂದೇ ಮಾತು ಕೇಳಿದ್ಲು. ‘ಕೊನೆವರೆಗೂ ಅವರ ಕೈ ಆಡ್ತಿತ್ತಾ?’ ಆಗ ನನಗೆ ಗೊತ್ತಾಯ್ತು ಇವಳೇ ಕಿರಿಯ ಗೆಳತಿ ಅಂತ. ಸುಳ್ಳು ಹೇಳೋಕೆ ಆಗಲಿಲ್ಲ. ಇಲ್ಲಮ್ಮ, ಹನ್ನೊಂದು ತಿಂಗಳು ಕೈ ಬಿದ್ದುಹೋಗಿತ್ತು ಅಂದೆ.”

“ಅವಳು?”

“ನನ್ನ ಬೆರಳುಗಳನ್ನ ನೋಡಿದ್ಲು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಒಳಗೆ ಬಾಮ್ಮ ಅಂತ ಕರೀತಾನೇ ಇದ್ದೆ, ಹೊರಟೇ ಹೋದ್ಲು. ಆ ಹೆದರಿಕೆಗೇ ನಾನು ನಾಲ್ಕು ದಿನ ಬಿಟ್ಟು ರೈಲು ಹತ್ತಿ ಆ ಏಳನ್ನೂ ಕದ್ದು ತಂದದ್ದು. ಒಬ್ಬಳಿಗೆ ಗೊತ್ತಾಯ್ತು, ಫೋಟೋ ಅಚ್ಚಾದ್ರೆ ಊರಿಗೇ ಗೊತ್ತಾಗುತ್ತೆ ಅಂತ.”

ಭೂತಗನ್ನಡಿ ಲೆಕ್ಕ ಹಾಕಿದಳು. ತನ್ನ ಗುಟ್ಟು ಕಾಯ್ದ ಒಬ್ಬನೇ ಮನುಷ್ಯ ಎಂದೋ ಸತ್ತಿದ್ದಾನೆ, ತನಗೆ ಬರುತ್ತಿದ್ದ ಅಕ್ಕರೆಯೆಲ್ಲ ಬೇರೆ ಯಾರದೋ ಕೈಯದು ಎಂದು ತಿಳಿದ ಹೆಣ್ಣುಮಗಳು ಈ ಗೇಟಿನಿಂದ ಎಲ್ಲಿಗೆ ಹೋಗುತ್ತಾಳೆ? ಅವಳಿಗೆ ಉಳಿದಿದ್ದದ್ದು ಒಂದೇ ಬಾಗಿಲು. ರೈಲಿನಲ್ಲಿ ಎರಡು ಗಂಟೆ.

ಮೊಬೈಲು ತೆಗೆದು ಗಡಿಯಾರದವರ ನಂಬರು ಒತ್ತಿದಳು. ಟೀಚರ್ ಎದ್ದು ಬಂದು ಅವಳ ಪಕ್ಕ ನಿಂತರು.

“ಸಿಕ್ಕಿದ್ನಾ ಮೇಡಂ ಕಳ್ಳ?”

“ಅದು ಆಮೇಲೆ. ಹತ್ತು ಹನ್ನೆರಡು ದಿನದ ಹಿಂದೆ ನಿಮ್ಮ ಅಂಗಡಿಗೆ ಮೂವತ್ತು ದಾಟಿದ ಹೆಂಗಸು ಒಬ್ಬಳೇ ಬಂದಿದ್ಲಾ? ಊರಿಗೆ ಹೊಸಬಳ ಥರ?”

“ದಿನಾ ಎಷ್ಟೋ ಜನ ಬರ್ತಾರೆ, ಯಾರನ್ನ ಅಂತ... ಹ್ಞಾಂ, ಇರಿ ಇರಿ. ಒಬ್ಬಳು ಬಂದಿದ್ಲು. ಕೈಗಡಿಯಾರ ಬಿಟ್ಟು ಹೋದವಳು ವಾಪಸ್ಸೇ ಬಂದಿಲ್ಲ.”

“ಮುಖ ನೆನಪಿದೆಯಾ?”

“ಎಲ್ಲಿ ಮೇಡಂ. ಕೂದಲೆಳೆಯಂಥ ಸ್ಪ್ರಿಂಗು ಕೂರಿಸ್ತಿದ್ದೆ, ತಲೆ ಎತ್ತಿದ್ರೆ ಹಾರಿಹೋಗೋದು. ಗಡಿಯಾರ ಮುಂದಿಟ್ಟಳು. ಅಲ್ಲಿಡಮ್ಮ, ನಾಳೆ ಬಾ ಅಂದೆ. ಆದ್ರೂ ಹೋಗ್ಲಿಲ್ಲ, ತುಂಬಾ ಹೊತ್ತು ನಿಂತೇ ಇದ್ಲು. ಕೆಲಸ ಮುಗಿಸಿ ನೋಡೋಷ್ಟರಲ್ಲಿ ಇರಲಿಲ್ಲ.”

“ಹೆಸರು, ವಿಳಾಸ?”

“ಬಾಯೇ ಬಿಡಲಿಲ್ಲ ಅವಳು. ಮಾರನೇ ದಿನ ಬಿಚ್ಚಿ ನೋಡ್ದೆ ಮೇಡಂ. ಏನೂ ಕೆಟ್ಟಿಲ್ಲ. ಒಂದು ನಿಮಿಷವೂ ಆಚೀಚೆ ಆಗದ ಹಾಗೆ ಓಡ್ತಿದೆ. ಚೆನ್ನಾಗಿ ಓಡೋ ಗಡಿಯಾರನ ಯಾರಾದ್ರೂ ರಿಪೇರಿಗೆ ತರ್ತಾರಾ?” ಅವರು ನಕ್ಕರು. ಆಮೇಲೆ ಈ ಕಡೆಯ ಮೌನ ಕೇಳಿ ನಗು ನಿಲ್ಲಿಸಿದರು. “ಯಾಕೆ ಮೇಡಂ ಸುಮ್ಮನಾದ್ರಿ? ಯಾರು ಅವಳು?”